ಸಂತೆಯಲ್ಲಿ ಮಲಗಿದವನ ನಿದ್ದೆ

2010ರ ಮೇ 22ರ ಬೆಳಿಗ್ಗೆ, ಆರು ಗಂಟೆ ಆಗಷ್ಟೇ ದಾಟಿತ್ತು. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ಗುಡ್ಡದ ಮೇಲಿನ ರನ್‌ವೇಗೆ ಇಳಿಯಿತು, ಆದರೆ ನಿಲ್ಲಲಿಲ್ಲ. ಸುಮಾರು 8,000 ಅಡಿ ಉದ್ದದ ಆ ರನ್‌ವೇಯಲ್ಲಿ 5,000 ಅಡಿಗೂ ಹೆಚ್ಚು ದಾಟಿದ ಮೇಲೆ ಅದರ ಚಕ್ರ ನೆಲ ಮುಟ್ಟಿತ್ತು. ವಿಮಾನ ಅಂಚು ದಾಟಿ ಕಣಿವೆಗೆ ಬಿದ್ದು ಹೊತ್ತಿ ಉರಿಯಿತು. ಒಳಗಿದ್ದ 166 ಮಂದಿಯಲ್ಲಿ ಬದುಕಿ ಬಂದವರು ಎಂಟೇ ಜನ.

ಮುಂದೆ ತನಿಖಾ ನ್ಯಾಯಾಲಯದವರು ಕಾಕ್‌ಪಿಟ್‌ನ ಧ್ವನಿಮುದ್ರಣವನ್ನು ಕೇಳಿದರು. ಅದರಲ್ಲಿ ಇದ್ದದ್ದು ಕೊನೆಯ ಎರಡು ಗಂಟೆಯ ಸದ್ದು. ಮೊದಲ ಒಂದೂವರೆ ಗಂಟೆಗೂ ಹೆಚ್ಚು ಕಾಲ ಇಬ್ಬರು ಪೈಲಟ್‌ಗಳ ನಡುವೆ ಮಾತೇ ಇಲ್ಲ. ನಡುನಡುವೆ ಕೇಳಿಸಿದ್ದು ದೀರ್ಘವಾದ ಉಸಿರು, ಗೊರಕೆ. ಹತ್ತು ಸಾವಿರ ಗಂಟೆಗೂ ಹೆಚ್ಚು ಹಾರಾಟದ ಅನುಭವವಿದ್ದ ಕ್ಯಾಪ್ಟನ್ ಗಾಢ ನಿದ್ದೆಯಲ್ಲಿದ್ದರು. ವಿಮಾನ ಇಳಿಸುವ ಹೊತ್ತಿಗೆ ಅವರು ಎಚ್ಚರಗೊಂಡಿದ್ದರು, ಕೈ ಕಂಟ್ರೋಲ್ ಮೇಲಿತ್ತು, ಕಣ್ಣು ತೆರೆದಿತ್ತು. ವಿಮಾನ ಇರಬೇಕಾದ್ದಕ್ಕಿಂತ ಬಹಳ ಎತ್ತರದಲ್ಲಿತ್ತು, ಇಳಿಜಾರು ಕಡಿದಾಗಿತ್ತು. ಸಹಪೈಲಟ್ ಮೂರು ಸಲ ಹೇಳಿದರು: ಇಳಿಸುವುದು ಬೇಡ, ಮೇಲೇರಿ ಒಂದು ಸುತ್ತು ಹಾಕಿ ಬರೋಣ. ವಿಮಾನದ ಯಂತ್ರವೂ ಎಚ್ಚರಿಕೆ ಕೂಗುತ್ತಿತ್ತು. ಕ್ಯಾಪ್ಟನ್ ಇಳಿಸುವುದನ್ನು ಬಿಡಲಿಲ್ಲ. ಈ ನಿರ್ಧಾರವೇ ಅಪಘಾತದ ನೇರ ಕಾರಣ ಎಂದ ತನಿಖಾ ವರದಿ, ಅದಕ್ಕೆ ಒದಗಿಬಂದ ಕಾರಣಗಳಲ್ಲಿ ಆ ದೀರ್ಘ ನಿದ್ದೆಯನ್ನೂ, ಎದ್ದ ಕೂಡಲೇ ಮಿದುಳನ್ನು ಕವಿದಿರುವ ಮಂಪರನ್ನೂ ಹೆಸರಿಸಿತು.

ನಿದ್ದೆಯ ವಿಚಾರ ಬಂದಾಗೆಲ್ಲ ನನಗೆ ಈ ವರದಿ ನೆನಪಾಗುತ್ತದೆ. ಸತ್ತುಹೋದ ಕ್ಯಾಪ್ಟನ್‌ನನ್ನು ದೂರುವುದಕ್ಕಲ್ಲ. ನಡುರಾತ್ರಿ ಹೊರಟು ಬೆಳಗಿನ ಜಾವ ಇಳಿಯುವ ಕೆಲಸ ಮನುಷ್ಯನ ದೇಹಕ್ಕೆ ಯಾವತ್ತೂ ಹಗುರವಲ್ಲ. ನಾವು ಕೇವಲ ಎರಡು ಸ್ಥಿತಿಗಳನ್ನು ನಂಬಿದ್ದೇವೆ, ಒಂದು ನಿದ್ದೆ, ಇನ್ನೊಂದು ಎಚ್ಚರ. ಕಣ್ಣು ಬಿಟ್ಟಿದ್ದರೆ ಎಚ್ಚರ ಎಂದೇ ಲೆಕ್ಕ. ಇವೆರಡರ ನಡುವೆ ಇನ್ನೊಂದು ದೊಡ್ಡ ಬಯಲಿದೆ. ಕಣ್ಣು ತೆರೆದಿರುತ್ತದೆ, ಮಾತು ಆಡುತ್ತೇವೆ, ವಾಹನ ಓಡಿಸುತ್ತೇವೆ, ಆದರೆ ಒಂದು ತೀರ್ಮಾನವನ್ನು ಬದಲಿಸುವಷ್ಟು ಚುರುಕು ಮಿದುಳಿನಲ್ಲಿ ಉಳಿದಿರುವುದಿಲ್ಲ. ನಮ್ಮಲ್ಲಿ ಅಸಂಖ್ಯ ಜನ ದಿನಗಟ್ಟಲೆ, ವರ್ಷಗಟ್ಟಲೆ ಆ ಬಯಲಿನಲ್ಲೇ ಬದುಕುತ್ತಿದ್ದಾರೆ.

ನಿದ್ದೆ ಬರುವುದು ಎರಡು ಶಕ್ತಿಗಳ ಒಪ್ಪಂದದಿಂದ. ಈ ವಿವರಣೆಯನ್ನು 1982ರಲ್ಲಿ ಮುಂದಿಟ್ಟವರು ಅಲೆಕ್ಸಾಂಡರ್ ಬೊರ್ಬೆಲಿ ಎಂಬ ವಿಜ್ಞಾನಿ. ಮೊದಲನೆಯದು ಎಚ್ಚರವಿದ್ದಷ್ಟೂ ಏರುವ ಒತ್ತಡ. ಮಿದುಳಿನ ಜೀವಕೋಶಗಳು ಕೆಲಸ ಮಾಡುತ್ತ ಹೋದಂತೆ ಅಡಿನೊಸಿನ್ ಎಂಬ ವಸ್ತು ಶೇಖರವಾಗುತ್ತದೆ, ಅದು ಹೆಚ್ಚಿದಷ್ಟೂ ಕಣ್ಣು ಎಳೆಯುತ್ತದೆ, ಮಲಗಿದಾಗ ಕರಗುತ್ತದೆ. ಕಾಫಿ ಮಾಡುವುದು ಇಷ್ಟೇ: ಅಡಿನೊಸಿನ್ ಹೋಗಿ ಕೂರಬೇಕಾದ ಜಾಗದಲ್ಲಿ ಕೆಫೀನ್ ತಾನು ಕೂತುಬಿಡುತ್ತದೆ. ದಣಿವು ಹೋಗುವುದಿಲ್ಲ, ದಣಿವಿನ ಸುದ್ದಿ ಮಾತ್ರ ತಲುಪುವುದಿಲ್ಲ. ಸಂಜೆ ಆರಕ್ಕೆ ಕುಡಿದ ಫಿಲ್ಟರ್ ಕಾಫಿಯ ಕೆಫೀನಿನಲ್ಲಿ ಸುಮಾರು ಅರ್ಧ, ರಾತ್ರಿ ಹನ್ನೊಂದಕ್ಕೂ ರಕ್ತದಲ್ಲಿ ಓಡಾಡುತ್ತಿರುತ್ತದೆ. ಎರಡನೆಯ ಶಕ್ತಿ ದೇಹದೊಳಗಿನ ಗಡಿಯಾರ. ಕಣ್ಣಿನ ನರಗಳು ಮಿದುಳಿನ ಬುಡದಲ್ಲಿ ಒಂದನ್ನೊಂದು ಹಾಯುವ ಜಾಗಕ್ಕೆ ತುಸು ಮೇಲೆ, ಅಕ್ಕಿಕಾಳಿಗಿಂತ ಚಿಕ್ಕ ನರಗುಚ್ಛವೊಂದಿದೆ. ಬೆಳಕು ಕಂಡಾಗ ಹಗಲು, ಕತ್ತಲಾದಾಗ ರಾತ್ರಿ ಎಂದು ಇಡೀ ದೇಹಕ್ಕೆ ಸಾರುವುದು ಅದೇ. ಕತ್ತಲಾದ ಮೇಲೆ ಮೆಲಟೋನಿನ್ ಸ್ರವಿಸುವಂತೆ ಮಾಡುವುದೂ ಅದೇ. ಇಂಥ ಗಡಿಯಾರ ಒಂದೊಂದು ಜೀವಕೋಶದೊಳಗೂ ಹೇಗೆ ನಡೆಯುತ್ತದೆ ಎಂದು ತೋರಿಸಿದ ಜೆಫ್ರಿ ಹಾಲ್, ಮೈಕೆಲ್ ರೋಸ್‌ಬಾಷ್, ಮೈಕೆಲ್ ಯಂಗ್ ಅವರಿಗೆ 2017ರ ವೈದ್ಯಕೀಯ ನೊಬೆಲ್ ಬಂತು.

ರಾತ್ರಿ ಎರಡರಿಂದ ಬೆಳಗಿನ ಆರರವರೆಗೆ ಈ ಗಡಿಯಾರ ದೇಹವನ್ನು ಅತ್ಯಂತ ತಗ್ಗಿನಲ್ಲಿ ಇಟ್ಟಿರುತ್ತದೆ. ಮೈಬಿಸಿ ಇಳಿದಿರುತ್ತದೆ, ಗಮನ ಇಳಿದಿರುತ್ತದೆ. ಬಜ್ಪೆಯ ವಿಮಾನ ಇಳಿಯಹೊರಟಿದ್ದು ಈ ಹೊತ್ತು ಇನ್ನೂ ಪೂರ್ತಿ ಕಳೆಯದ ವೇಳೆಯಲ್ಲಿ.

ಒತ್ತಡ ಹೆಚ್ಚಿರಬೇಕು, ಗಡಿಯಾರ ಒಪ್ಪಬೇಕು, ಆಗ ನಿದ್ದೆ. ಇದನ್ನು ತಿಳಿದುಕೊಂಡರೆ ನಮ್ಮ ಆಡುಮಾತಿನಲ್ಲಿ ಕಲಸಿಹೋಗಿರುವ ಎರಡು ಬೇರೆಬೇರೆ ಸಂಕಟಗಳನ್ನು ಬಿಡಿಸಿ ನೋಡಬಹುದು. ಒಬ್ಬರಿಗೆ ಹಾಸಿಗೆ ಇದೆ, ಸಮಯ ಇದೆ, ಕತ್ತಲಿದೆ, ನಿದ್ದೆ ಮಾತ್ರ ಬರುವುದಿಲ್ಲ. ಇನ್ನೊಬ್ಬರಿಗೆ ನಿದ್ದೆ ನಿಂತಲ್ಲೇ ಬರುತ್ತದೆ, ಮಲಗುವುದಕ್ಕೆ ಹೊತ್ತಿಲ್ಲ. ಮೊದಲನೆಯದು ನಿದ್ರಾಹೀನತೆ ಎಂಬ ಕಾಯಿಲೆ. ಎರಡನೆಯದು ಕಾಯಿಲೆಯಲ್ಲ, ಕಸಿದುಕೊಂಡ ನಿದ್ದೆ. ಇಬ್ಬರಿಗೂ ನಾವು ಒಂದೇ ಬುದ್ಧಿವಾದ ಹೇಳುತ್ತೇವೆ: ಬಿಸಿ ಹಾಲು ಕುಡಿಯಿರಿ, ಮೊಬೈಲ್ ದೂರ ಇಡಿ, ಚಿಂತೆ ಬಿಡಿ.

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತೇವಲ್ಲ, ಆ ಗಾದೆಯ ಬಗ್ಗೆ ನನಗೆ ಬಹಳ ದಿನದಿಂದ ತಕರಾರಿದೆ. ಯಾವುದಾದರೂ ಎಪಿಎಂಸಿ ಯಾರ್ಡಿಗೆ ಬೆಳಿಗ್ಗೆ ಹತ್ತು ಹನ್ನೊಂದರ ಹೊತ್ತಿಗೆ ಹೋಗಿ ನೋಡಿ. ಈರುಳ್ಳಿ ಚೀಲಗಳ ಮೇಲೆ, ತಳ್ಳುಗಾಡಿಯ ಮೇಲೆ, ಲಾರಿಯ ನೆರಳಲ್ಲಿ ಹಮಾಲರು ಬಾಯಿ ತೆರೆದು ಮಲಗಿರುತ್ತಾರೆ. ಪಕ್ಕದಲ್ಲೇ ಹರಾಜಿನ ಕೂಗು, ಲಾರಿಯ ಹಾರನ್ನು, ಮುಖದ ಮೇಲೆ ನೊಣ. ಅವರು ಏಳುವುದಿಲ್ಲ. ಅವರು ಚಿಂತೆ ಇಲ್ಲದವರಲ್ಲ. ನಡುರಾತ್ರಿ ಒಂದಕ್ಕೋ ಎರಡಕ್ಕೋ ಲೋಡು ಬಂದಾಗ ಎದ್ದವರು, ಇಳಿಸಿ, ತೂಗಿ, ಒಟ್ಟಿ ಮುಗಿಸಿದವರು. ಕೂತಲ್ಲಿ ನಿಂತಲ್ಲಿ ನಿಮಿಷದೊಳಗೆ ನಿದ್ದೆ ಹತ್ತುತ್ತದೆ ಎಂದರೆ ಅದು ನೆಮ್ಮದಿಯ ಗುರುತಲ್ಲ, ನಿದ್ದೆಯ ಬಾಕಿ ಬೆಳೆದಿರುವುದರ ಗುರುತು. ಬಸ್ಸು ಹತ್ತಿದ ಕೂಡಲೇ ತೂಕಡಿಸುವ ಗಾರ್ಮೆಂಟ್ ಹೆಣ್ಣುಮಕ್ಕಳ ನಿದ್ದೆಯೂ ಅಂಥದೇ.

ನಮ್ಮ ಹಳ್ಳಿಗಳಲ್ಲಿ ಈ ಬಾಕಿಯನ್ನು ಬೆಳೆಸುತ್ತಿರುವುದು ಕರೆಂಟು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ದಿನಕ್ಕೆ ಏಳು ಗಂಟೆ ಎಂಬುದು ಸರ್ಕಾರದ ಮಾತು. ಆ ಏಳು ಗಂಟೆ ಎಷ್ಟೋ ಕಡೆ ಒಂದೇ ಕಂತಿನಲ್ಲಿ ಬರುವುದಿಲ್ಲ, ಬಂದರೂ ಹಗಲು ಬರುವುದಿಲ್ಲ. ಈ ವಾರ ರಾತ್ರಿ ಪಾಳಿ ಎಂದರೆ ರೈತ ಹನ್ನೆರಡಕ್ಕೆ ಏಳಬೇಕು, ಇಲ್ಲವೇ ಎರಡಕ್ಕೆ. ಟಾರ್ಚು ಹಿಡಿದು, ಕಾಲಿಗೆ ಗಂಬೂಟು ಇದ್ದರೆ ಹಾಕಿಕೊಂಡು, ಹಾವಿನ ಭಯದಲ್ಲಿ ಬದುವಿನ ಮೇಲೆ ನಡೆಯಬೇಕು. ಮನೆಯಲ್ಲಿ ಮಲಗಿಯೇ ಮೋಟಾರು ಚಾಲೂ ಮಾಡುವ ಸ್ಟಾರ್ಟರ್ ಈಗ ಬಂದಿದೆ. ಆದರೆ ನೀರು ಒಂದು ಮಡಿಯಿಂದ ಇನ್ನೊಂದಕ್ಕೆ ತಾನಾಗಿ ತಿರುಗುವುದಿಲ್ಲ, ಸಲಿಕೆ ಹಿಡಿದು ಮಣ್ಣು ಕಡಿಯುವುದಕ್ಕೆ ಆಳು ಬೇಕು. ಬೆಳಗಿನ ಜಾವ ಮನೆಗೆ ಬಂದು ಅಡ್ಡಾದರೆ ಹಾಲು ಕರೆಯುವ ಹೊತ್ತಾಗಿರುತ್ತದೆ. ಪಟ್ಟಣಗಳಲ್ಲಿ ಇದೇ ಕೆಲಸವನ್ನು ನಲ್ಲಿ ನೀರು ಮಾಡುತ್ತದೆ. ವಾರಕ್ಕೊಮ್ಮೆ ಬರುವ ನೀರು ರಾತ್ರಿ ಮೂರಕ್ಕೆ ಬಂದರೆ ಮೂರಕ್ಕೇ ಏಳಬೇಕು, ಮತ್ತು ಏಳುವುದು ಮನೆಯ ಹೆಂಗಸರೇ. ಈ ರೈತನಿಗೆ, ಈ ಹೆಂಗಸಿಗೆ ನಿದ್ದೆಯ ಶಿಸ್ತಿನ ಪಾಠ ಹೇಳುವುದು ನನಗೆ ಕ್ರೂರವಾಗಿ ಕಾಣುತ್ತದೆ.

ಕಡಿಮೆ ನಿದ್ದೆ ನನಗೆ ಅಭ್ಯಾಸವಾಗಿದೆ ಎನ್ನುವವರು ಬಹಳ. ಈ ಮಾತನ್ನು ಪರೀಕ್ಷಿಸಿದ ಒಂದು ಪ್ರಯೋಗ 2003ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಿಂದ ಪ್ರಕಟವಾಯಿತು. ಆರೋಗ್ಯವಂತರನ್ನು ಗುಂಪು ಮಾಡಿ ಎರಡು ವಾರ ಪ್ರಯೋಗಾಲಯದಲ್ಲೇ ಇರಿಸಿಕೊಂಡರು. ಒಂದು ಗುಂಪಿಗೆ ದಿನಕ್ಕೆ ಎಂಟು ಗಂಟೆ ಮಲಗಲು ಬಿಟ್ಟರು, ಒಂದಕ್ಕೆ ಆರು, ಒಂದಕ್ಕೆ ನಾಲ್ಕು. ಪರದೆಯ ಮೇಲೆ ಗುರುತು ಕಂಡ ಕೂಡಲೇ ಗುಂಡಿ ಒತ್ತುವ ಪರೀಕ್ಷೆ ದಿನವೂ ನಡೆಯುತ್ತಿತ್ತು. ನಾಲ್ಕು ಗಂಟೆಯವರ ಮಿದುಳು ಎರಡು ವಾರದ ಕೊನೆಗೆ ಎರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಇಳಿದಿತ್ತು. ಆರು ಗಂಟೆ ಮಲಗಿದವರೂ ಒಂದು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಹಾಗೆ ತಡವರಿಸುತ್ತಿದ್ದರು. ನನ್ನನ್ನು ಹೆದರಿಸಿದ್ದು ಇದಲ್ಲ, ಇದರ ಜೊತೆಗಿನ ಇನ್ನೊಂದು ಅಂಶ. ನಿಮಗೆ ಎಷ್ಟು ನಿದ್ದೆ ಬರುತ್ತಿದೆ ಎಂದು ಅವರನ್ನೇ ಕೇಳಿದಾಗ, ಮೊದಲ ಕೆಲವು ದಿನದ ನಂತರ ಅವರ ಉತ್ತರ ಹೆಚ್ಚೇನೂ ಬದಲಾಗಲಿಲ್ಲ. ಸಾಮರ್ಥ್ಯ ದಿನದಿನಕ್ಕೆ ಕುಸಿಯುತ್ತಿತ್ತು, ಅವರು ಮಾತ್ರ ತಾವು ಹೊಂದಿಕೊಂಡಿದ್ದೇವೆ ಎಂದುಕೊಂಡಿದ್ದರು. ನಿದ್ದೆಗೆಟ್ಟ ಮಿದುಳು ತನ್ನ ನಷ್ಟವನ್ನು ತಾನೇ ಅಳೆಯಲಾರದು.

ಇದು ರಸ್ತೆಯ ಮೇಲೆ ಏನಾಗುತ್ತದೆ ಎಂದು ಯೋಚಿಸಿ. ಹದಿನೇಳು ಗಂಟೆ ಸತತ ಎಚ್ಚರವಿದ್ದವರ ಕೈಚಳಕ, ನೂರು ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯ ಇರುವವರಷ್ಟೇ ಕುಂದಿರುತ್ತದೆ ಎಂದು ಆಸ್ಟ್ರೇಲಿಯಾದ ಸಂಶೋಧಕರು 1997ರಲ್ಲಿ ತೋರಿಸಿದರು. ನಮ್ಮ ಕಾನೂನಿನಲ್ಲಿ 30 ಮಿಲಿಗ್ರಾಂ ದಾಟಿದರೆ ಕುಡಿದು ಓಡಿಸಿದ ಅಪರಾಧ. ಬೆಳಿಗ್ಗೆ ಆರಕ್ಕೆ ಎದ್ದು ಹಗಲೆಲ್ಲ ದುಡಿದು ರಾತ್ರಿ ಹನ್ನೊಂದಕ್ಕೆ ಸ್ಟಿಯರಿಂಗ್ ಹಿಡಿದವನು ಆ ಗೆರೆಯನ್ನು ಆಗಲೇ ದಾಟಿದ್ದಾನೆ, ಆದರೆ ಊದಿಸಿ ಹಿಡಿಯುವ ಯಂತ್ರ ಇದಕ್ಕಿಲ್ಲ. ಬೆಂಗಳೂರಿನಿಂದ ಹುಬ್ಬಳ್ಳಿ ಕಡೆಗೆ ರಾತ್ರಿ ಹೊರಟ ಸ್ಲೀಪರ್ ಬಸ್ಸುಗಳು ಹಿರಿಯೂರು, ಚಿತ್ರದುರ್ಗ ದಾಟುವುದು ಒಂದರಿಂದ ಮೂರರ ನಡುವೆ. ನೇರ ರಸ್ತೆ, ಒಂದೇ ಸಮನೆ ಎಂಜಿನ್ನಿನ ಸದ್ದು, ಎದುರಿಗೆ ಬಿಳಿ ಗೆರೆ. ನಿದ್ದೆಯ ಬಾಕಿ ಇದ್ದ ಮಿದುಳು ಇಂಥಲ್ಲಿ ಎರಡು ಮೂರು ಸೆಕೆಂಡು ತಾನಾಗಿ ಆರಿಹೋಗುತ್ತದೆ, ಕೆಲವೊಮ್ಮೆ ಕಣ್ಣು ತೆರೆದಿರುವಾಗಲೇ. ಗಂಟೆಗೆ 80 ಕಿಲೋಮೀಟರ್ ವೇಗದ ಬಸ್ಸು ಮೂರು ಸೆಕೆಂಡಿನಲ್ಲಿ 66 ಮೀಟರಿಗೂ ಹೆಚ್ಚು ಓಡಿರುತ್ತದೆ. ಕೆಟ್ಟು ನಿಂತ ಲಾರಿಗೆ ಬಸ್ಸು ಹಿಂದಿನಿಂದ ಗುದ್ದಿತು, ಬ್ರೇಕ್ ಹಾಕಿದ ಗುರುತೇ ಇಲ್ಲ ಎಂದು ಸುದ್ದಿ ಓದಿದಾಗ ನಾನು ಮೊದಲು ನೋಡುವುದು ಅಪಘಾತ ನಡೆದ ಗಂಟೆಯನ್ನು.

ವಾಹನ ಚಾಲಕರ ದುಡಿಮೆ ದಿನಕ್ಕೆ ಎಂಟು ಗಂಟೆ ಮೀರಬಾರದು ಎಂದು ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 1961ರಲ್ಲೇ ಸಾಮಾನ್ಯ ಮಿತಿ ಹಾಕಿತ್ತು. ಖಾಸಗಿ ಲಾರಿಯ ಚಾಲಕನ ಬಳಿ ಕೂತು ಕೇಳಿ, ಆ ಎಂಟು ಗಂಟೆ ಎಲ್ಲಿದೆ ಎಂದು. ಪೈಲಟ್‌ಗಳ ವಿಷಯದಲ್ಲಿ ವ್ಯವಸ್ಥೆ ಸ್ವಲ್ಪವಾದರೂ ಪಾಠ ಕಲಿತಿದೆ. ಅವರ ವಾರದ ಕಡ್ಡಾಯ ವಿಶ್ರಾಂತಿಯನ್ನು 36 ಗಂಟೆಯಿಂದ 48 ಗಂಟೆಗೆ ಏರಿಸುವ ನಿಯಮ 2025ರಲ್ಲಿ ಜಾರಿಗೆ ಬಂತು. ಸ್ಲೀಪರ್ ಬಸ್ಸಿನ ಚಾಲಕನ ಹಿಂದೆಯೂ ಮೂವತ್ತು ಜೀವಗಳು ಮಲಗಿರುತ್ತವೆ.

ಇನ್ನು ದೇಹದೊಳಗೆ. ನಿದ್ದೆಗೇಡಿನ ಪರಿಣಾಮ ಕಣ್ಣಿನ ಕೆಳಗಿನ ಕಪ್ಪು ಮಾತ್ರ ಎಂದು ತಿಳಿದವರು ಸಕ್ಕರೆಯ ಕಥೆ ಕೇಳಬೇಕು. ಶಿಕಾಗೊ ವಿಶ್ವವಿದ್ಯಾಲಯದವರು 1999ರಲ್ಲಿ ಹನ್ನೊಂದು ಮಂದಿ ಗಟ್ಟಿಮುಟ್ಟಾದ ಯುವಕರನ್ನು ಆರು ರಾತ್ರಿ ನಾಲ್ಕೇ ಗಂಟೆ ಮಲಗಿಸಿದರು. ವಾರದ ಹಿಂದೆ ಯಾವ ತೊಂದರೆಯೂ ಇಲ್ಲದ ಆ ಹುಡುಗರ ದೇಹ, ರಕ್ತಕ್ಕೆ ಸೇರಿಸಿದ ಗ್ಲುಕೋಸನ್ನು ಕರಗಿಸಲು ಪರದಾಡಿತು. ಚೆನ್ನಾಗಿ ಮಲಗಿ ಚೇತರಿಸಿಕೊಂಡ ಮೇಲಿನ ವೇಗಕ್ಕೆ ಹೋಲಿಸಿದರೆ ಅದು ಶೇಕಡಾ 40ರಷ್ಟು ನಿಧಾನವಾಗಿತ್ತು. ಮಧುಮೇಹ ಕಾಲಿಡುವ ಹೊತ್ತಿನ ದೇಹದ ಲಕ್ಷಣಗಳು ಅವು. ಅದೇ ತಂಡ 2004ರಲ್ಲಿ ಹಸಿವನ್ನು ಅಳೆಯಿತು. ಎರಡೇ ರಾತ್ರಿ ನಾಲ್ಕು ಗಂಟೆ ಮಲಗಿದವರಲ್ಲಿ ಹೊಟ್ಟೆ ತುಂಬಿತು ಎಂದು ಹೇಳುವ ಲೆಪ್ಟಿನ್ ಶೇಕಡಾ 18 ಇಳಿದಿತ್ತು, ಹಸಿವು ಎಂದು ಕೂಗುವ ಗ್ರೆಲಿನ್ ಶೇಕಡಾ 28 ಏರಿತ್ತು. ಅವರಿಗೆ ಬೇಕೆನಿಸಿದ್ದು ಸೊಪ್ಪು ತರಕಾರಿಯಲ್ಲ, ಸಿಹಿ, ಉಪ್ಪು, ಹಿಟ್ಟಿನ ತಿಂಡಿ. ನೈಟ್ ಶಿಫ್ಟ್ ಮುಗಿಸಿ ಬೆಳಿಗ್ಗೆ ದರ್ಶಿನಿಯ ಮುಂದೆ ನಿಂತು ಒಂದರ ಮೇಲೊಂದು ವಡೆ ತಿನ್ನುವ ಹುಡುಗನಿಗೆ ನಾಲಿಗೆ ಚಪಲ ಎಂದು ಹೀಗಳೆಯುವ ಮೊದಲು ಇದು ನೆನಪಿರಲಿ. ಅವನ ರಕ್ತವೇ ಅದನ್ನು ಕೇಳುತ್ತಿದೆ. ಊರಿಗೆ ಊರೇ ಶುಗರ್ ಮಾತ್ರೆ ನುಂಗುತ್ತಿರುವ ಕಾಲದಲ್ಲಿ, ಊಟ ಏನು, ವಾಕಿಂಗ್ ಎಷ್ಟು ಎಂದು ಕೇಳುವ ವೈದ್ಯರು ಎಷ್ಟು ಹೊತ್ತು ಮಲಗುತ್ತೀರಿ ಎಂದೂ ಕೇಳಬೇಕು.

ಹೃದಯಕ್ಕೂ ಇದರಲ್ಲಿ ಪಾಲಿದೆ. ಒಳ್ಳೆಯ ನಿದ್ದೆಯಲ್ಲಿ ರಕ್ತದೊತ್ತಡ ಹಗಲಿಗಿಂತ ಶೇಕಡಾ ಹತ್ತರಷ್ಟಾದರೂ ಇಳಿಯುತ್ತದೆ, ರಕ್ತನಾಳಗಳಿಗೆ ಅದೇ ಬಿಡುವು. ಆ ಬಿಡುವು ಸಿಗದವರಲ್ಲಿ ಬಿಪಿ ನೆಲೆಯೂರುತ್ತದೆ. ರೋಗನಿರೋಧಕ ಶಕ್ತಿಯೂ ಕುಗ್ಗುತ್ತದೆ. ಫ್ಲೂ ಲಸಿಕೆ ಹಾಕಿದ ಹತ್ತು ದಿನಕ್ಕೆ ನೋಡಿದರೆ, ನಿದ್ದೆ ಮೊಟಕಾದವರಲ್ಲಿ ಮೂಡಿದ ಪ್ರತಿಕಾಯಗಳು ಚೆನ್ನಾಗಿ ಮಲಗಿದವರಲ್ಲಿ ಇದ್ದುದಕ್ಕಿಂತ ಅರ್ಧಕ್ಕೂ ಕಡಿಮೆ. ವರ್ಷಗಟ್ಟಲೆ ರಾತ್ರಿ ಪಾಳಿಯಲ್ಲಿ ದುಡಿಯುವುದನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2007ರಲ್ಲಿ ಬಹುಶಃ ಕ್ಯಾನ್ಸರ್‌ಕಾರಕ ಎಂಬ ವರ್ಗಕ್ಕೆ ಸೇರಿಸಿತು, 2019ರಲ್ಲಿ ಮತ್ತೆ ಪರಿಶೀಲಿಸಿ ಹಾಗೆಯೇ ಉಳಿಸಿತು. ಬೆಂಗಳೂರಿನ ಕಾಲ್ ಸೆಂಟರ್‌ಗಳಲ್ಲಿ, ಆಸ್ಪತ್ರೆಯ ವಾರ್ಡುಗಳಲ್ಲಿ, ಎಟಿಎಂ ಬಾಗಿಲಲ್ಲಿ ಕುರ್ಚಿ ಹಾಕಿ ಕೂತವರ ಪೈಕಿ ಎಷ್ಟು ಮಂದಿಗೆ ಇದನ್ನು ಯಾರಾದರೂ ಹೇಳಿದ್ದಾರೆ?

ಈಗ ಮತ್ತೊಬ್ಬರ ಕಡೆ ಬರೋಣ, ಹಾಸಿಗೆ ಇದ್ದೂ ನಿದ್ದೆ ಬಾರದವರ ಕಡೆ. ನನ್ನ ಸೋದರತ್ತೆಯ ಮನೆ ಸಾಗರದ ಹತ್ತಿರ. ಮಾವ ತೀರಿಕೊಂಡ ಮೇಲೆ ಅತ್ತೆಗೆ ರಾತ್ರಿ ಕಣ್ಣು ಹತ್ತದಾಯಿತು. ಮೊದಮೊದಲು ಎಲ್ಲರೂ ದುಃಖ ಎಂದರು, ದುಃಖವೇ ಆಗಿತ್ತು. ತಿಂಗಳುಗಳು ಕಳೆದವು, ದುಃಖ ತಿಳಿಯಾಯಿತು, ಅತ್ತೆ ಮೊದಲಿನ ಹಾಗೆ ನಗತೊಡಗಿದರು, ನಿದ್ದೆ ಮಾತ್ರ ಮರಳಲಿಲ್ಲ. "ಹಗಲೆಲ್ಲ ಸರಿ ಇರ್ತೀನಿ ಕಣೋ, ಸಂಜೆ ದೀಪ ಹಚ್ಚೋ ಹೊತ್ತಿಗೇ ಇವತ್ತೂ ನಿದ್ದೆ ಬರಲ್ವೇನೋ ಅಂತ ಎದೆ ಹೊಡ್ಕೊಳ್ಳೋಕೆ ಶುರುವಾಗುತ್ತೆ" ಎಂದಿದ್ದರು. ನಿದ್ದೆ ಬರಲಿ ಎಂದು ಬೇಗ ಮಲಗುತ್ತಿದ್ದರು, ಒಂಬತ್ತಕ್ಕೇ. ಬೆಳಿಗ್ಗೆ ಆರರವರೆಗೂ ಹಾಸಿಗೆ ಬಿಡುತ್ತಿರಲಿಲ್ಲ. ಮಧ್ಯಾಹ್ನ ಒಂದು ಜೊಂಪು ತೆಗೆಯುತ್ತಿದ್ದರು. ಗೋಡೆ ಗಡಿಯಾರದ ಹನ್ನೆರಡು, ಒಂದು, ಎರಡು ಎಲ್ಲ ಬಾಯಿಪಾಠ. ಮೆಡಿಕಲ್ ಶಾಪಿನಿಂದ ಯಾರೋ ತಂದುಕೊಟ್ಟ ನಿದ್ದೆ ಮಾತ್ರೆ ಅರ್ಧ, ಆಮೇಲೆ ಒಂದು.

ಅಮೆರಿಕದ ಮನೋವಿಜ್ಞಾನಿ ಆರ್ಥರ್ ಸ್ಪೀಲ್‌ಮನ್ ಹೇಳಿದ್ದು ಇದನ್ನೇ. ನಿದ್ದೆ ಕೆಡಿಸಿದ ಕಾರಣ ಬೇರೆ, ಕೆಟ್ಟ ನಿದ್ದೆಯನ್ನು ಹಾಗೇ ಉಳಿಸುವ ಕಾರಣ ಬೇರೆ. ಸಾವು, ಸಾಲ, ಹೆರಿಗೆ, ಮುಟ್ಟು ನಿಲ್ಲುವ ಕಾಲದ ಬಿಸಿಯುರಿ, ಕೆಲಸ ಹೋದದ್ದು, ಇವು ಮೊದಲು ನಿದ್ದೆ ಕೆಡಿಸುತ್ತವೆ. ಆಮೇಲೆ ನಿದ್ದೆಯನ್ನು ಹಿಡಿಯಲೆಂದು ನಾವು ಮಾಡುವ ಉಪಾಯಗಳೇ ಅದನ್ನು ಓಡಿಸುತ್ತವೆ. ಬೇಗ ಮಲಗಿದರೆ ಒತ್ತಡ ಸಾಲದು. ಹಗಲು ಜೊಂಪು ತೆಗೆದರೆ ಇದ್ದ ಒತ್ತಡವೂ ಕರಗಿತು. ಗಂಟೆಗಟ್ಟಲೆ ಹೊರಳಾಡಿದ ಹಾಸಿಗೆಯನ್ನು ಮಿದುಳು ನಿದ್ದೆಯ ಜಾಗ ಎಂದು ಮರೆತು ಹೋರಾಟದ ಜಾಗ ಎಂದು ಕಲಿತುಬಿಡುತ್ತದೆ. ವಾರಕ್ಕೆ ಮೂರು ರಾತ್ರಿಯಾದರೂ ಹೀಗಾಗುತ್ತ, ಮೂರು ತಿಂಗಳು ದಾಟಿದರೆ ವೈದ್ಯರು ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ. ಇದು ಖಿನ್ನತೆಯ ಒಂದು ಲಕ್ಷಣ ಮಾತ್ರ ಎಂಬ ಹಳೆಯ ತಿಳಿವಳಿಕೆ ಈಗ ಬದಲಾಗಿದೆ. ಖಿನ್ನತೆ ಇಲ್ಲದೆ ನಿದ್ದೆ ಮಾತ್ರ ಕೆಟ್ಟವರಿಗೆ ಮುಂದೆ ಖಿನ್ನತೆ ಬರುವ ಸಂಭವ ಉಳಿದವರಿಗಿಂತ ಸುಮಾರು ಎರಡು ಪಟ್ಟು ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2011ರ ವಿಶ್ಲೇಷಣೆ ಹೇಳಿತು.

ಅತ್ತೆಯನ್ನು ಗುಣಪಡಿಸಿದ್ದು ಒಂದು ನೂರು ಪುಟದ ನೋಟ್‌ಬುಕ್ಕು ಎಂದರೆ ತಪ್ಪಲ್ಲ. ಮಗ ಕರೆದೊಯ್ದು ತೋರಿಸಿದ ಮನೋವೈದ್ಯರು ಮಾತ್ರೆ ಹೆಚ್ಚಿಸಲಿಲ್ಲ, ಎರಡು ವಾರ ಬರೆದುಕೊಂಡು ಬನ್ನಿ ಎಂದರು. ಎಷ್ಟಕ್ಕೆ ಮಲಗಿದೆ, ಸುಮಾರು ಎಷ್ಟಕ್ಕೆ ನಿದ್ದೆ ಹತ್ತಿತು, ಎಷ್ಟು ಸಲ ಎಚ್ಚರವಾಯಿತು, ಎಷ್ಟಕ್ಕೆ ಎದ್ದೆ. ಲೆಕ್ಕ ಹಾಕಿದರೆ ಹಾಸಿಗೆಯಲ್ಲಿದ್ದದ್ದು ಒಂಬತ್ತು ಗಂಟೆ, ನಿದ್ದೆ ಐದೂವರೆ. ಹಾಗಾದರೆ ಇನ್ನು ಮೇಲೆ ಹಾಸಿಗೆಗೂ ಐದೂವರೆ ಗಂಟೆಯೇ ಎಂದರು ಡಾಕ್ಟರು. ರಾತ್ರಿ ಹನ್ನೆರಡರವರೆಗೆ ಮಲಗುವ ಹಾಗಿಲ್ಲ, ಬೆಳಿಗ್ಗೆ ಐದೂವರೆಗೆ ಏಳಲೇಬೇಕು, ನಿದ್ದೆ ಬಂದಿರಲಿ ಬಾರದಿರಲಿ. ಮಧ್ಯಾಹ್ನದ ಜೊಂಪು ಬಂದ್. ಇಪ್ಪತ್ತು ನಿಮಿಷದಲ್ಲಿ ನಿದ್ದೆ ಹತ್ತದಿದ್ದರೆ ಹಾಸಿಗೆಯಿಂದ ಎದ್ದು ಹೊರಗೆ ಕೂರಬೇಕು, ಕಣ್ಣು ಎಳೆದಾಗ ಮಾತ್ರ ಒಳಗೆ. ಗೋಡೆ ಗಡಿಯಾರ ಅಡುಗೆಮನೆಗೆ ಹೋಯಿತು.

ನಿದ್ದೆ ಇಲ್ಲದವರಿಗೆ ನಿದ್ದೆಯ ಹೊತ್ತನ್ನೇ ಕಡಿತ ಮಾಡುವುದೇ ಎಂದು ಮನೆಯವರೆಲ್ಲ ಗಾಬರಿಯಾದರು. ಅತ್ತೆ ಹಿತ್ತಿಲ ಕಡೆಯ ಜಗಲಿಯಲ್ಲಿ ಕೂತು ಹನ್ನೆರಡಾಗುವುದನ್ನು ಕಾಯುತ್ತ ಹೂಬತ್ತಿ ಹೊಸೆಯುತ್ತಿದ್ದರು. ಮೊದಲ ವಾರ ಹಗಲೆಲ್ಲ ತೂಗಿದರು, ಸಿಡುಕಿದರು. ಎರಡನೆಯ ವಾರದಲ್ಲಿ ಹನ್ನೆರಡಕ್ಕೆ ತಲೆ ಇಟ್ಟರೆ ಐದರವರೆಗೆ ಒಂದೇ ನಿದ್ದೆ. ಹಾಸಿಗೆಯಲ್ಲಿದ್ದ ಹೊತ್ತಿನ ಶೇಕಡಾ 85ರಷ್ಟು ನಿದ್ದೆಯೇ ಆದ ಮೇಲೆ ಡಾಕ್ಟರು ಹದಿನೈದು ಹದಿನೈದು ನಿಮಿಷ ಸೇರಿಸುತ್ತ ಬಂದರು. ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಲಿಲ್ಲ, ಸ್ವಲ್ಪಸ್ವಲ್ಪವೇ ಇಳಿಸಿದರು. ಬಹಳ ದಿನ ತೆಗೆದುಕೊಂಡ ಇಂಥ ಮಾತ್ರೆಯನ್ನು ಥಟ್ಟನೆ ಬಿಟ್ಟರೆ ನಿದ್ದೆ ಮೊದಲಿಗಿಂತ ಕೆಡುತ್ತದೆ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು.

ಈ ಚಿಕಿತ್ಸೆ ಒಬ್ಬ ವೈದ್ಯರ ಹಟವಲ್ಲ. ನಿದ್ರಾಹೀನತೆಗೆಂದೇ ರೂಪಿಸಿದ ಅರಿವು ಮತ್ತು ನಡವಳಿಕೆಯ ಚಿಕಿತ್ಸೆ ಇದು. ವಯಸ್ಕರ ದೀರ್ಘಕಾಲದ ನಿದ್ರಾಹೀನತೆಗೆ ಮೊದಲು ಕೊಡಬೇಕಾದ್ದು ಇದನ್ನೇ, ಮಾತ್ರೆಯನ್ನಲ್ಲ ಎಂದು ಅಮೆರಿಕನ್ ಕಾಲೇಜ್ ಆಫ್ ಫಿಜಿಶಿಯನ್ಸ್ 2016ರಲ್ಲಿ ಶಿಫಾರಸು ಮಾಡಿತು. ನಮ್ಮಲ್ಲಿ ಇದು ಸಿಗುವ ಜಾಗಗಳು ಕಡಿಮೆ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗಳು, ದೊಡ್ಡ ಊರುಗಳ ಮನೋವೈದ್ಯರು, ಆಪ್ತಸಮಾಲೋಚಕರು, ಅಷ್ಟೇ. ಚೀಟಿ ಇಲ್ಲದೆ ಕೊಡಬಾರದ ಅಲ್ಪ್ರಜೋಲಾಮ್ ಮಾತ್ರೆ ಮಾತ್ರ ಹೇಗೋ ಹಳ್ಳಿಯ ಮನೆಯನ್ನೂ ತಲುಪುತ್ತದೆ. ವಯಸ್ಸಾದವರು ಈ ಮಾತ್ರೆ ನುಂಗಿ ರಾತ್ರಿ ಬಚ್ಚಲಿಗೆ ಏಳುವಾಗ ಆಯತಪ್ಪಿ ಬೀಳುತ್ತಾರೆ, ಸೊಂಟ ಮುರಿದುಕೊಳ್ಳುತ್ತಾರೆ. ಒಂದು ಪೆಗ್ ಹಾಕಿ ಮಲಗುವವರಿಗೂ ಒಂದು ಮಾತು: ಮದ್ಯ ಬೇಗ ಮಲಗಿಸುತ್ತದೆ ನಿಜ, ಆದರೆ ರಾತ್ರಿಯ ಎರಡನೆಯ ಅರ್ಧವನ್ನು ಹರಿದು ಚಿಂದಿ ಮಾಡುತ್ತದೆ. ಹಾಸಿಗೆಯ ಹೊತ್ತು ಕಡಿತ ಮಾಡುವ ಉಪಾಯವನ್ನು ಮೂರ್ಛೆರೋಗ ಅಥವಾ ಬೈಪೋಲಾರ್ ಕಾಯಿಲೆ ಇರುವವರು, ವಾಹನ ಓಡಿಸಿ ಬದುಕುವವರು ತಾವಾಗಿಯೇ ಮಾಡಬಾರದು.

ಮಲಗಿದರೂ ನಿದ್ದೆಯಾಗದ ಮೂರನೆಯ ಬಗೆಯವರೂ ಇದ್ದಾರೆ. ಗೊರಕೆ ಹೊಡೆಯುವವರನ್ನು ಕಂಡು ಎಂಥ ಸುಖನಿದ್ದೆ ಎನ್ನುತ್ತೇವೆ. ಜೋರು ಗೊರಕೆ ಇದ್ದಕ್ಕಿದ್ದಂತೆ ನಿಂತು, ಉಸಿರೂ ನಿಂತು, ಹತ್ತಿಪ್ಪತ್ತು ಸೆಕೆಂಡಿನ ಮೇಲೆ ಕಟ್ಟಿದ ಉಸಿರು ಬಿಚ್ಚಿದಂತೆ ಮತ್ತೆ ಶುರುವಾಗುತ್ತಿದ್ದರೆ ಅದು ಸ್ಲೀಪ್ ಅಪ್ನಿಯಾ. ಗಂಟಲ ದಾರಿ ಮುಚ್ಚಿ, ಆಮ್ಲಜನಕ ಇಳಿದು, ಮಿದುಳು ರಾತ್ರಿ ನೂರಾರು ಸಲ ಬೆಚ್ಚಿ ಏಳುತ್ತದೆ, ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. ಬೆಳಿಗ್ಗೆ ತಲೆನೋವು, ಹಗಲು ತೂಕಡಿಕೆ, ಎಷ್ಟು ಮಾತ್ರೆ ನುಂಗಿದರೂ ಬಗ್ಗದ ಬಿಪಿ. ಇದನ್ನು ಪತ್ತೆ ಮಾಡಬಲ್ಲವರು ಪಕ್ಕದಲ್ಲಿ ಮಲಗುವ ಹೆಂಡತಿ ಅಥವಾ ಗಂಡ. ಇಂಥವರಿಗೆ ನಿದ್ದೆ ಮಾತ್ರೆ ಕೊಡುವುದು ಅಪಾಯ, ಅದು ಗಂಟಲನ್ನು ಇನ್ನಷ್ಟು ಸಡಿಲಿಸಬಹುದು. ಗಾಳಿಯ ಒತ್ತಡದಿಂದ ಗಂಟಲು ತೆರೆದಿಡುವ ಸಿಪ್ಯಾಪ್ ಯಂತ್ರ ಇವರ ಬದುಕನ್ನೇ ಬದಲಿಸುತ್ತದೆ.

ಕಾಯಿಲೆಯವರಿಗೆ ವೈದ್ಯರಿದ್ದಾರೆ. ನಿದ್ದೆ ಕಳೆದುಕೊಂಡವರಿಗೆ ಅದನ್ನು ವಾಪಸು ಕೊಡಬೇಕಾದವರು ಬೇರೆ. ಪಂಪ್‌ಸೆಟ್ ಫೀಡರ್‌ಗಳನ್ನು ಸೌರವಿದ್ಯುತ್ತಿಗೆ ಜೋಡಿಸುವ ಕುಸುಮ್ ಯೋಜನೆಯನ್ನು ಎಲ್ಲರೂ ಸಬ್ಸಿಡಿ, ಮೆಗಾವ್ಯಾಟ್ ಲೆಕ್ಕದಲ್ಲಿ ಮಾತಾಡುತ್ತಾರೆ. ಬಿಸಿಲಿದ್ದಾಗಲೇ ಕರೆಂಟು ಬಂದರೆ ರೈತ ರಾತ್ರಿ ಮನೆಯಲ್ಲಿ ಮಲಗುತ್ತಾನೆ, ನನ್ನ ಮಟ್ಟಿಗೆ ಅದರ ಮೊದಲ ಲಾಭ ಅದೇ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಕೂಡದು ಎಂಬ ನಿಯಮ 2000ದಿಂದ ಇದೆ. ಜಾತ್ರೆ, ಉರುಸು, ಮದುವೆ, ಚುನಾವಣೆ ಎಂದು ಅದನ್ನು ಮುರಿಯುವಾಗ ಪಕ್ಕದ ಬೀದಿಯಲ್ಲಿ ಒಬ್ಬ ನರ್ಸ್, ಒಬ್ಬ ಬಾಣಂತಿ, ಒಬ್ಬ ಡ್ರೈವರ್ ಮಲಗಿದ್ದಾರೆ ಎಂದು ಯಾರೂ ನೆನೆಯುವುದಿಲ್ಲ.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಮಕ್ಕಳ ವಿಷಯ. ಹದಿಹರೆಯದಲ್ಲಿ ದೇಹದ ಗಡಿಯಾರ ತಾನಾಗಿಯೇ ಒಂದೆರಡು ಗಂಟೆ ಹಿಂದೆ ಬೀಳುತ್ತದೆ. ರಾತ್ರಿ ಹನ್ನೊಂದಾದರೂ ನಿದ್ದೆ ಬಾರದಿರುವುದು, ಬೆಳಿಗ್ಗೆ ಎಬ್ಬಿಸಿದರೆ ಏಳಲಾರದಿರುವುದು ಆ ವಯಸ್ಸಿನ ಸೋಮಾರಿತನವಲ್ಲ, ಶರೀರಧರ್ಮ. ಅವರಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ಹಗಲು ಓದಿದ್ದನ್ನು ಮಿದುಳು ಗಟ್ಟಿ ಮಾಡಿ ಜೋಡಿಸಿಡುವುದು ನಿದ್ದೆಯಲ್ಲೇ. ಇದನ್ನು ಮನಗಂಡು ಕ್ಯಾಲಿಫೋರ್ನಿಯಾ ರಾಜ್ಯ 2019ರಲ್ಲಿ ಕಾನೂನು ಮಾಡಿತು, ಅಲ್ಲಿ 2022ರಿಂದ ಹೈಸ್ಕೂಲುಗಳು ಬೆಳಿಗ್ಗೆ ಎಂಟೂವರೆಗೆ ಮೊದಲು ತೆರೆಯುವಂತಿಲ್ಲ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಎಂದರೆ ಮುಂಜಾನೆಯ ಸ್ಪೆಷಲ್ ಕ್ಲಾಸು, ನೀಟ್ ಎಂದರೆ ಐದು ಗಂಟೆಯ ಬೆಲ್ಲು, ರಾತ್ರಿ ಹನ್ನೊಂದರವರೆಗೆ ಸ್ಟಡಿ. ಲಕ್ಷಗಟ್ಟಲೆ ಫೀಸು ಕಟ್ಟಿ ಮಕ್ಕಳನ್ನು ಹಾಸ್ಟೆಲ್ಲಿಗೆ ಬಿಡುವ ಅಪ್ಪ ಅಮ್ಮಂದಿರು ಊಟ ಹೇಗಿದೆ, ರ‍್ಯಾಂಕ್ ಎಷ್ಟು ಬಂದಿದೆ ಎಂದು ವಿಚಾರಿಸುತ್ತಾರೆ. ಮುಂದಿನ ಪೋಷಕರ ಸಭೆಯಲ್ಲಿ ಪ್ರಿನ್ಸಿಪಾಲರನ್ನು ಇನ್ನೆರಡು ವಿಷಯ ಕೇಳಿ: ರಾತ್ರಿ ರೂಮಿನ ದೀಪ ಆರುವುದು ಎಷ್ಟಕ್ಕೆ, ಬೆಳಿಗ್ಗೆ ಬೆಲ್ ಹೊಡೆಯುವುದು ಎಷ್ಟಕ್ಕೆ. ನಡುವೆ ಎಂಟು ಗಂಟೆ ಇಲ್ಲದಿದ್ದರೆ ಆ ವೇಳಾಪಟ್ಟಿಯನ್ನು ಬದಲಿಸಿ ಎಂದು ಅಲ್ಲೇ, ಎಲ್ಲರ ಎದುರಿಗೇ ಹೇಳಿ.